ಕಸಿದ ಸಿಗರೇಟು, ಕೇಳದ ಪ್ರಶ್ನೆ

ಮಿಲೋಸ್ ಫೋರ್ಮನ್‌ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' (1975) ಚಿತ್ರದ ಮನೋರೋಗಿಗಳು ಸಿಗರೇಟನ್ನೇ ಪಣವಿಟ್ಟು ಇಸ್ಪೀಟಾಡುತ್ತಾರೆ. ನರ್ಸ್ ರ್‍ಯಾಚೆಡ್ ಅದನ್ನು ವಶಕ್ಕೆ ತೆಗೆದುಕೊಂಡು ಅಳೆದು ಕೊಡುತ್ತಾಳೆ. ತಾನು ಮಗುವಲ್ಲವೆಂದು ಚೆಸ್ವಿಕ್ ಕೂಗಾಡಿದಾಗ ನಾವು ಅವನ ಪರ ನಿಲ್ಲುತ್ತೇವೆ. ಅಲ್ಲಿ ಕಸಿದದ್ದು ಹೊಗೆಯನ್ನಲ್ಲ, ಘನತೆಯನ್ನು.

ಆದರೆ ಅವರಲ್ಲಿ ಯಾರಿಗಾದರೂ ಸಿಗರೇಟು ಬಿಡುವ ಆಸೆಯಿತ್ತೇ? ಚಿತ್ರ ಕೇಳುವುದಿಲ್ಲ. ಆಸ್ಪತ್ರೆಗಳೂ ಬಹುಕಾಲ ಕೇಳಲಿಲ್ಲ. 'ಪಾಪ, ಇರುವುದೊಂದೇ ಸುಖ' ಎಂದು ಎಷ್ಟೋ ಕಡೆ ಸಿಬ್ಬಂದಿಯೇ ಬೆಂಕಿ ಕೊಟ್ಟರು. 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅಧ್ಯಯನಗಳ ಪರಾಮರ್ಶೆಯಂತೆ, ಧೂಮಪಾನ ಬಿಟ್ಟವರಲ್ಲಿ ಆತಂಕ, ಖಿನ್ನತೆ ತಗ್ಗಿತ್ತು, ಮನೋರೋಗಿಗಳಲ್ಲೂ ಹಾಗೆಯೇ. ಬಿಟ್ಟಾಗ ಕ್ಲೋಜಪಿನ್‌ನಂಥ ಔಷಧದ ಪ್ರಮಾಣ ತಗ್ಗಿಸಬೇಕಾಗಬಹುದು. ಅದು ವೈದ್ಯರ ಕೆಲಸ, ಬಿಡಿಸದಿರಲು ನೆಪವಲ್ಲ.

ರೋಗಿಗೆ ಸಂಕಲ್ಪವೇ ಇಲ್ಲವೆಂದು ತೀರ್ಮಾನಿಸುವ ಕರುಣೆ ರ್‍ಯಾಚೆಡ್‌ಳ ಕಟ್ಟುನಿಟ್ಟಿನ ಇನ್ನೊಂದು ಮುಖ. ಎರಡೂ ಅವನನ್ನು ಮಗುವಾಗಿಸುತ್ತವೆ.