ಸನ್ನಿ ಗ್ರೇಗೆ ಒಗ್ಗದ ಸ್ಲೈಡರ್

ಪಿಚರ್ ಸನ್ನಿ ಗ್ರೇ ನ್ಯೂಯಾರ್ಕಿನಲ್ಲಿ ಸೋತದ್ದು ಎದೆಗಾರಿಕೆ ಸಾಲದೆ ಎಂಬ ಮಾತು ಅಮೆರಿಕದ ಬೇಸ್‌ಬಾಲ್ ಬರಹಗಳಲ್ಲಿ ಪುರಾವೆಯೇ ಬೇಡದ ಸತ್ಯದ ಹಾಗೆ ಕೂತುಬಿಟ್ಟಿದೆ. ದೊಡ್ಡ ಊರು, ಅಬ್ಬರದ ಜನ, ತಡೆದುಕೊಳ್ಳಲಾಗಲಿಲ್ಲ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಈ ವಿವರಣೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು.

ಕಥೆ ಗೊತ್ತಿರುವುದೇ. ಓಕ್ಲೆಂಡ್ ಅಥ್ಲೆಟಿಕ್ಸ್‌ನಲ್ಲಿ 2015ರಲ್ಲಿ 2.73 ಇಆರ್‌ಎ, ಅಂದರೆ ಫೀಲ್ಡಿಂಗ್ ತಪ್ಪಿನಿಂದ ಬಂದವನ್ನು ಬಿಟ್ಟರೆ ಒಂಬತ್ತು ಇನಿಂಗ್ಸಿಗೆ ಸರಾಸರಿ ಮೂರು ರನ್ ಕೂಡ ಬಿಟ್ಟುಕೊಟ್ಟಿಲ್ಲ. ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಲ್ಲಿ ಮೂರನೆಯ ಸ್ಥಾನ. 2017ರ ಜುಲೈ 31ರಂದು ನ್ಯೂಯಾರ್ಕ್ ಯಾಂಕೀಸ್‌ಗೆ. 2018ರಲ್ಲಿ ಇಆರ್‌ಎ 4.90. ಆ ಆಗಸ್ಟ್ 1ರಂದು, ಋತುವಿನುದ್ದಕ್ಕೂ 115 ಪಂದ್ಯ ಸೋತ ಬಾಲ್ಟಿಮೋರ್ ಎದುರು, ಮೂರು ಇನಿಂಗ್ಸ್ ಪೂರೈಸುವ ಮೊದಲೇ ಏಳು ರನ್ ಕೊಟ್ಟು, ಜನರ ಛೀಮಾರಿಯ ನಡುವೆ ನಗುತ್ತ ಹೊರನಡೆದರು. ಆ ನಗುವಿನ ಮೇಲೆ ಮನಶ್ಶಾಸ್ತ್ರ ಕಟ್ಟಿದವರು ಬಹಳ. ಗ್ರೇ ಕೈಯಿಂದ ಹೊರಟ ಚೆಂಡನ್ನು ನೋಡಿದವರು ಕಡಿಮೆ.

ಆ ವರ್ಷಗಳಲ್ಲಿ ಲೀಗಿನಲ್ಲೇ ಅತಿ ಕಡಿಮೆ ಫಾಸ್ಟ್‌ಬಾಲ್ ಎಸೆಯುತ್ತಿದ್ದ ತಂಡ ಯಾಂಕೀಸ್. ಕೊನೆಗಳಿಗೆಯಲ್ಲಿ ಜಾರಿ ತಿರುಗುವ ಸ್ಲೈಡರನ್ನು ಬ್ಯಾಟರ್ ಚೆನ್ನಾಗಿ ಹೊಡೆಯಲಾರ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಯಾರ ಸ್ಲೈಡರು, ಯಾವ ಕೌಂಟಿನಲ್ಲಿ, ಅಂದರೆ ಎಷ್ಟು ಬಾಲ್, ಎಷ್ಟು ಸ್ಟ್ರೈಕ್ ಆಗಿರುವಾಗ? ಯಾಂಕೀಸ್‌ನ ಇನ್ನೊಬ್ಬ ಪಿಚರ್ ಮಸಾಹಿರೊ ತನಾಕಾ ತಮ್ಮ ಸ್ಲೈಡರನ್ನು ಬೇಕೆಂದಾಗ ಸ್ಟ್ರೈಕ್ ವಲಯದೊಳಗೇ ಹಾಕಬಲ್ಲವರಾಗಿದ್ದರು. ಗ್ರೇ ಅವರದು ಬೇರೆ ಜಾತಿಯದು. ಎರಡು ಸ್ಟ್ರೈಕ್ ಬಿದ್ದ ಮೇಲೆ, ಔಟಾಗುವ ಭಯಕ್ಕೆ ಬ್ಯಾಟ್ ಬೀಸಿಬಿಡುವವನ ಮುಂದೆ ನೆಲಕ್ಕೆ ಇಳಿಯುವಂತೆ ಎಸೆಯಬೇಕಾದ ಚೆಂಡು ಅದು. ಅದನ್ನು ಮೊದಲ ಎಸೆತವಾಗಿ ಹಾಕಿದರೆ ಬ್ಯಾಟರ್‌ಗೆ ಬೀಸುವ ದರ್ದೇ ಇಲ್ಲ. ಸುಮ್ಮನೆ ನಿಂತು ನೋಡುತ್ತಾನೆ. ವಲಯದ ಹೊರಗೆ ಹೋದದ್ದರಿಂದ ಒಂದು ಬಾಲ್. ಮತ್ತೆ ಅದೇ, ಎರಡು ಬಾಲ್. ಈಗ ವಲಯದೊಳಕ್ಕೆ ಫಾಸ್ಟ್‌ಬಾಲ್ ಹಾಕದೆ ಪಿಚರ್‌ಗೆ ಗತಿಯಿಲ್ಲ, ಅದು ಬರುತ್ತದೆಂದು ಬ್ಯಾಟರ್‌ಗೂ ಗೊತ್ತು. ಪೆಟ್ಟು ತಿನ್ನುವುದು ಫಾಸ್ಟ್‌ಬಾಲ್, ಅಂಕಿಅಂಶದಲ್ಲಿ ಕೆಟ್ಟ ಹೆಸರು ಹೊರುವುದೂ ಫಾಸ್ಟ್‌ಬಾಲ್. ಪೆಟ್ಟಿಗೆ ದಾರಿ ಮಾಡಿಕೊಟ್ಟ ಎರಡು ಸ್ಲೈಡರುಗಳ ಖಾತೆ ಮಾತ್ರ ಶುದ್ಧವಾಗಿಯೇ ಉಳಿಯುತ್ತದೆ. ಒಂದೊಂದು ಎಸೆತವನ್ನೂ ಬಿಡಿಬಿಡಿಯಾಗಿ ತೂಗುವ ಲೆಕ್ಕ ಇನ್ನಷ್ಟು ಸ್ಲೈಡರ್ ಎಸೆಯಿರಿ ಎಂಬಲ್ಲಿಗೇ ಕರೆದೊಯ್ಯುತ್ತದೆ. ಯಾಂಕೀಸ್ ಬಿಟ್ಟ ಮೇಲೆ ಗ್ರೇ ಬಾಯಿಬಿಟ್ಟು ಹೇಳಿದ್ದರ ಸಾರವೂ ಇದೇ: ತನ್ನನ್ನು ತನಾಕಾ ಮಾಡಲು ಹೊರಟಿದ್ದರು, ತನಗೆ ಆ ಸ್ಲೈಡರ್ ಇರಲಿಲ್ಲ. ಅದನ್ನು ನೆಪವೆಂದು ತಳ್ಳಿಹಾಕಿದ ಅಂಕಣಕಾರರು ಕೌಂಟಿನ ಈ ತರ್ಕಕ್ಕೆ ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲ.

ಎದೆಗಾರಿಕೆಯ ಪಕ್ಷದವರ ಬಳಿ ಒಂದು ಗಟ್ಟಿ ಪುರಾವೆ ಇದೆ, ಅದನ್ನು ದಾಟಿ ಹೋಗುವ ಹಾಗಿಲ್ಲ. 2018ರಲ್ಲಿ ಯಾಂಕೀ ಸ್ಟೇಡಿಯಮ್ಮಿನ 59.1 ಇನಿಂಗ್ಸಿನಲ್ಲಿ ಗ್ರೇ ಖಾತೆಗೆ 46 ರನ್. ಹೊರ ಊರುಗಳ 71 ಇನಿಂಗ್ಸಿನಲ್ಲಿ ಬರೇ 25. ಯೋಜನೆ ಅದೇ, ಪಿಚರ್ ಅವರೇ. ಹಾಗಾದರೆ ಬದಲಾದದ್ದು ಜನರಲ್ಲವೇ ಎಂದು ಕೇಳುತ್ತಾರೆ. ಮೈದಾನವೂ ಬದಲಾಗಿತ್ತು. ಅಲ್ಲಿನ ಬಲ ಫೌಲ್ ಕಂಬಕ್ಕೆ 314 ಅಡಿ ಅಷ್ಟೆ. ಎರಡು ಬಾಲ್ ಆದ ಮೇಲೆ ಹಾಕಿದ ಸಪ್ಪೆ ಫಾಸ್ಟ್‌ಬಾಲ್ ಬೇರೆ ಊರಿನಲ್ಲಿ ಸುಲಭ ಕ್ಯಾಚಾಗಬಹುದು, ಅಲ್ಲಿ ಹೋಮ್‌ರನ್ ಆಗುತ್ತದೆ. ಒಂದೇ ತಪ್ಪಿಗೆ ಮನೆಯಲ್ಲಿ ದಂಡ ಹೆಚ್ಚು. ಇನ್ನು ಭಯದ ಮಾತು. 2017ರ ಅಕ್ಟೋಬರ್ 17ರಂದು, ಇದೇ ಸ್ಟೇಡಿಯಮ್ಮಿನಲ್ಲಿ, ಲೀಗ್ ಚಾಂಪಿಯನ್‌ಶಿಪ್ ಸರಣಿಯ ನಾಲ್ಕನೆಯ ಪಂದ್ಯದಲ್ಲಿ ಹ್ಯೂಸ್ಟನ್‌ಗೆ ಐದು ಇನಿಂಗ್ಸಿನಲ್ಲಿ ಗ್ರೇ ಕೊಟ್ಟದ್ದು ಒಂದೇ ಒಂದು ಹಿಟ್. ಅದಕ್ಕೂ ನಾಲ್ಕು ವರ್ಷ ಮುಂಚೆ, ಇನ್ನೂ ಹೊಸಬರಾಗಿದ್ದಾಗ, ಪ್ಲೇಆಫ್‌ನಲ್ಲಿ ಜಸ್ಟಿನ್ ವರ್ಲ್ಯಾಂಡರ್ ಎದುರು ಎಂಟು ಇನಿಂಗ್ಸ್ ಒಂದೂ ರನ್ ಕೊಡದೆ ನಿಂತವರು. ಅಷ್ಟು ದೊಡ್ಡ ಪಂದ್ಯಗಳಲ್ಲಿ ಕಾಣದ ಅಂಜಿಕೆ ಬಾಲ್ಟಿಮೋರ್ ಎದುರಿನ ಒಂದು ಬುಧವಾರ ಹೇಗೆ ಮೂಡಿತೆಂದು ಎದೆಗಾರಿಕೆಯ ಪಕ್ಷದವರೇ ಹೇಳಬೇಕು.

ಗ್ರೇ ಪಾಲಿನ ತಪ್ಪೇ ಇಲ್ಲ ಎನ್ನಲಾರೆ. 2018ರ 130 ಇನಿಂಗ್ಸಿನಲ್ಲಿ 57 ವಾಕ್, ಅಂದರೆ ನಾಲ್ಕು ಬಾಲ್ ಎಸೆದು ಪುಕ್ಕಟೆ ಬೇಸ್, ಕೊಟ್ಟ ಕೈ ಅವರದೇ. ಒಗ್ಗದ ಯೋಜನೆಗೆ ಆಗಲೇ, ಖಡಾಖಂಡಿತವಾಗಿ, ಒಲ್ಲೆ ಎನ್ನಬಹುದಿತ್ತು.

2019ರ ಜನವರಿಯಲ್ಲಿ ಸಿನ್ಸಿನಾಟಿಗೆ ಟ್ರೇಡ್ ಆದರು. ಅಲ್ಲಿನ ಮೈದಾನ ಹೋಮ್‌ರನ್ನುಗಳಿಗೆ ಹೆಸರುವಾಸಿ. ಪಿಚಿಂಗ್ ಕೋಚ್ ಡೆರೆಕ್ ಜಾನ್ಸನ್ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಗ್ರೇಗೆ ಪಾಠ ಹೇಳಿದ್ದವರು. ಆ ಕೈ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಅವರಿಗೆ ತಿಳಿದಿತ್ತು. ಗಮನಿಸಿ, ಸ್ಲೈಡರನ್ನು ಅಲ್ಲಿ ಬಿಡಿಸಲಿಲ್ಲ. ಗ್ರೇ ಕೈಗೆ ಒಗ್ಗುವಂತೆ ಅದನ್ನು ತಿದ್ದಿದರು. ಆ ವರ್ಷ 2.87 ಇಆರ್‌ಎ, 205 ಸ್ಟ್ರೈಕ್‌ಔಟ್. 2023ರಲ್ಲಿ ಮಿನೆಸೋಟ ಪರ ಆಡಿ ಸೈ ಯಂಗ್ ಮತದಲ್ಲಿ ಎರಡನೆಯ ಸ್ಥಾನ.

ಎದೆಗಾರಿಕೆಯ ಪಕ್ಷ ಇದಕ್ಕೂ ಚಿಕ್ಕ ಊರು, ಕಡಿಮೆ ಒತ್ತಡ ಎನ್ನುತ್ತದೆ. ಯಾವ ಫಲಿತಾಂಶ ಬಂದರೂ ಅಲುಗದ ಇಂಥ ವಾದವನ್ನು ವಿಮರ್ಶೆ ಎನ್ನಲು ನಾನು ಸಿದ್ಧನಿಲ್ಲ. ಮೂವರು ಯುವ ಆಟಗಾರರನ್ನು ಕೊಟ್ಟು, ಎರಡು ಬಗೆಯ ಫಾಸ್ಟ್‌ಬಾಲ್ ಮತ್ತು ಒಳ್ಳೆಯ ಕರ್ವ್ ಇದ್ದ ಪಿಚರನ್ನು ಯಾಂಕೀಸ್ ತಂದಿತು. ತಂದಮೇಲೆ ಅವರಿಂದ ಬೇರೆಯವರ ಸ್ಲೈಡರ್ ಕೇಳಿತು. ಜನರಲ್ ಮ್ಯಾನೇಜರ್ ಬ್ರಯಾನ್ ಕ್ಯಾಶ್‌ಮನ್ ಅವರನ್ನೂ ಆಗಿನ ಪಿಚಿಂಗ್ ಕೋಚ್ ಲ್ಯಾರಿ ರಾಥ್‌ಚೈಲ್ಡ್ ಅವರನ್ನೂ ಕೇಳಬೇಕಾದ ಪ್ರಶ್ನೆಯನ್ನು ನ್ಯೂಯಾರ್ಕಿನ ಅಂಕಣಕಾರರು ಇಷ್ಟು ವರ್ಷ ಗ್ರೇ ಒಬ್ಬರನ್ನೇ ಕೇಳುತ್ತ ಬಂದಿದ್ದಾರೆ.