ಕಣ್ಣಿಗೆ ಕಟ್ಟುವುದು, ಕಿವಿಗೆ ಕಟ್ಟುವುದು

ಕಾವ್ಯವನ್ನೋ ಕಾದಂಬರಿಯನ್ನೋ ಮೆಚ್ಚಿ ಬರೆಯುವ ನಮ್ಮ ವಿಮರ್ಶಕರ ಲೇಖನಿಯಿಂದ ತಪ್ಪದೆ ಹೊರಡುವ ಮಾತೊಂದುಂಟು: 'ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾರೆ.' ಪಾಠಪುಸ್ತಕದ ಪ್ರಶ್ನೆಯಿಂದ ಹಿಡಿದು ಸನ್ಮಾನದ ಬಿನ್ನವತ್ತಳೆಯವರೆಗೆ ಎಲ್ಲೆಲ್ಲಿಯೂ ಇದೇ ಮಾತು. ಇದರ ಹಿಂದೆ ಒಂದು ನಂಬಿಕೆ ಅಡಗಿದೆ. ಕವಿಯ ಮನಸ್ಸಿನಲ್ಲಿ ಮೊದಲು ಚಿತ್ರ ಮೂಡುತ್ತದೆ. ಆತ ಅದನ್ನು ಮಾತಿಗಿಳಿಸುತ್ತಾನೆ. ಓದುಗ ಆ ಮಾತಿನಿಂದ ಮರಳಿ ಚಿತ್ರವನ್ನು ಪಡೆಯುತ್ತಾನೆ. ಪ್ರತಿಭೆಯೆಂದರೆ ಒಳಗಣ್ಣು, ಅಷ್ಟೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ?

ಒಳಗಣ್ಣು ಎಲ್ಲರಿಗೂ ಸಮನಾಗಿಲ್ಲವೆಂಬುದು ಹೊಸ ಸಂಗತಿಯಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ತಮ್ಮ ಪರಿಚಿತರನ್ನು, ಬೆಳಗಿನ ಊಟದ ಮೇಜನ್ನು ನೆನೆದು ಮನಸ್ಸಿಗೆ ಏನು ಕಾಣುತ್ತದೆ ಹೇಳಿ ಎಂದು ಕೇಳಿ, ಬಂದ ಉತ್ತರಗಳನ್ನು 1880ರಲ್ಲಿ ಪ್ರಕಟಿಸಿದರು. ಮೊದಲು ಕೇಳಿದ ವಿಜ್ಞಾನಿಗಳಲ್ಲಿ ಬಹುಮಂದಿ, ಮನಸ್ಸಿನಲ್ಲಿ ಕಾಣುವುದೆಂಬುದು ಬರಿಯ ಅಲಂಕಾರದ ಮಾತೆಂದೇ ತಿಳಿದಿದ್ದರು. 2015ರಲ್ಲಿ ಎಕ್ಸೆಟರಿನ ಆ್ಯಡಂ ಝೀಮನ್ ಮತ್ತು ಸಂಗಡಿಗರು ಈ ಸ್ಥಿತಿಗೆ 'ಅಫ್ಯಾಂಟೇಸಿಯ' ಎಂದು ಹೆಸರಿಟ್ಟರು. ಜಗತ್ತೇ ನೋಡುವ ವ್ಯಂಗ್ಯಚಲನಚಿತ್ರಗಳನ್ನು ತಯಾರಿಸಿದ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಎಡ್ ಕ್ಯಾಟ್‌ಮಲ್, ಕಣ್ಣು ಮುಚ್ಚಿದರೆ ತಮಗೆ ಏನೂ ಕಾಣದೆಂದು ಹೇಳಿಕೊಂಡಿದ್ದಾರೆ. ಅಂದಮೇಲೆ ಸೃಷ್ಟಿಗೆ ಬೇರೆ ದಾರಿಗಳೂ ಇರಬೇಕು.

ಆ ದಾರಿಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳ ಸೀಮೆಯಲ್ಲಿಯೂ ಅದರ ಅಂಚಿನಲ್ಲಿಯೂ ಬೇಕಾದಷ್ಟು ಸಾಕ್ಷ್ಯವಿದೆ.

ಕೂಡ್ಲಿಗಿಗೆ ಹೊಂದಿದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನನ್ನು ನೆನೆಯೋಣ. 1930ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಈ ಬುರ್ರಕಥೆಯ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಕುಮಾರರಾಮ, ಬಾಲನಾಗಮ್ಮ ಮೊದಲಾಗಿ ಹನ್ನೆರಡು ಕಾವ್ಯಗಳು ಆಕೆಯ ಕಂಠದಲ್ಲಿದ್ದವು; ಬರಹಕ್ಕಿಳಿಸಿದರೆ ಸುಮಾರು 7,000 ಪುಟಗಳೆಂದು ಲೆಕ್ಕ. ಇದನ್ನು ಕೇಳಿದವರು ತಟ್ಟನೆ 'ಎಂಥ ನೆನಪಿನ ಶಕ್ತಿ!' ಎಂದು ಬೆರಗಾಗುತ್ತಾರೆ. ಬೆರಗು ಸರಿ, ಆದರೆ ಕಾರಣ ಸರಿಯಲ್ಲ. ಆಕೆಯ ತಲೆಯಲ್ಲಿ ಪುಟಗಳೇ ಇರಲಿಲ್ಲ. ಇದ್ದದ್ದು ಧಾಟಿ, ತಾಳ, ಕಥೆಯ ನಡೆ.

1933ರಿಂದ 35ರವರೆಗೆ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದ ಹಾಡುಗಾರರ ಹಾಡುಗಳನ್ನು ಮುದ್ರಿಸಿಕೊಂಡರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ ಗ್ರಂಥದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಹಾಡುಗಾರ ತಾನು ಪ್ರತಿ ಸಲವೂ ಅಕ್ಷರ ಬಿಡದೆ ಅದನ್ನೇ ಹಾಡುವೆನೆಂದು ಆಣೆಯಿಟ್ಟು ಹೇಳಬಹುದು. ಮುದ್ರಿಕೆಗಳನ್ನು ಹೋಲಿಸಿದರೆ ಪ್ರತಿ ಸಲವೂ ಹಾಡು ಬೇರೆ. ಆತ ಒಪ್ಪಿಸುವುದಿಲ್ಲ, ಕಟ್ಟುತ್ತಾನೆ. ಒಂದು ಸಾಲನ್ನು ಬಾಯಿ ಹಾಡುತ್ತಿರುವಾಗ ಮುಂದಿನ ಸಾಲಿನ ಜಾಗವನ್ನು ತಾಳ ಅಳೆದಿಟ್ಟಿರುತ್ತದೆ. ಸಿದ್ಧ ನುಡಿಗಟ್ಟು ಬಂದು ಅಲ್ಲಿ ಕೂಡುತ್ತದೆ. ಹೊಳೆಯಾಚೆಯ ಗದುಗಿನ ಕುಮಾರವ್ಯಾಸ, ತಾನು ಕರಡು ಮಾಡುವವನಲ್ಲ, ಇಟ್ಟ ಮಾತನ್ನು ಅಳಿಸುವವನಲ್ಲ ಎಂದು ಹೆಮ್ಮೆಪಟ್ಟುಕೊಂಡದ್ದನ್ನು ನಾವು ಬರಿಯ ಬಡಾಯಿಯೆಂದು ತಿಳಿಯಬೇಕಾಗಿಲ್ಲ. ಭಾಮಿನಿಯ ಲಯ ಒಳಗೆ ಓಡುತ್ತಿದ್ದವನಿಗೆ ಹಲಗೆಯ ಅಗತ್ಯವೇನು?

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಇನ್ನೊಂದು ಬಗೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಲೂ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆತ ನುಡಿಯುವುದು ಒಂದೇ ವಾಕ್ಯ. ನುಡಿದು ಕೆಳಕ್ಕೆ ಬೀಳುತ್ತಾನೆ. ಅದು ದೈವವಾಣಿಯೋ ಅಲ್ಲವೋ ಎಂಬ ಚರ್ಚೆ ವಿಮರ್ಶೆಯದಲ್ಲ. ವಿಮರ್ಶೆ ಗಮನಿಸಬೇಕಾದದ್ದು ಆ ವಾಕ್ಯದ ಕಟ್ಟನ್ನು: ವಿವರಣೆಯಿಲ್ಲ, 'ಏಕೆಂದರೆ' ಇಲ್ಲ, ಒಂದು ಚಿತ್ರ, ಒಂದು ಕ್ರಿಯೆ. ರೈತ ಅದರಲ್ಲಿ ಮಳೆಯನ್ನು ಕೇಳುತ್ತಾನೆ, ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಕುರ್ಚಿಯನ್ನು. ಆನಂದವರ್ಧನ ಧ್ವನಿಯೆಂದು ಕರೆದದ್ದನ್ನು ಬಯಲಿನಲ್ಲಿ ನಿಂತ ಜನ ಶಾಸ್ತ್ರವಿಲ್ಲದೆ ನಡೆಸುತ್ತಿದ್ದಾರೆ. ಈರಮ್ಮನಲ್ಲಿ ಲಯ ಮಾತನ್ನು ಹೊತ್ತು ತರುತ್ತದೆ, ಇಲ್ಲಿ ಮೌನ.

ಮತ್ತೆ ಗದುಗಿಗೆ ಬಂದರೆ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010). ಎಳೆಯ ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಅವರು ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪುರಾಣ ಬರೆದರು, ನಾಟಕ ಬರೆದರು. ಪುರಾಣವೆಂದ ಮೇಲೆ ಪುರವರ್ಣನೆ, ಸೂರ್ಯೋದಯ ಬರುವುದು ಸಂಪ್ರದಾಯ. ಕಾಣದ ಕವಿಗೆ ಅವನ್ನು ಕೊಟ್ಟವರು ಯಾರು? ಭಾಷೆಯೇ. ಸಾವಿರ ವರ್ಷದ ಕವಿಗಳು ಆಡಿದ ಮಾತು ಕಿವಿಯ ಮೂಲಕ ಬಂದು ಸೊತ್ತಾಯಿತು. ಇದನ್ನು ಪವಾಡವೆಂದು ಕೈಮುಗಿದು ಬಿಡುವುದು ಅವರ ಸಾಧನೆಗೆ ಮಾಡುವ ಅಪಚಾರ. ಅದು ಅಭ್ಯಾಸ, ಗುರು ಪಂಚಾಕ್ಷರಿ ಗವಾಯಿಗಳ ಬಳಿ ಕಲಿತ ಕೇಳ್ಮೆಯ ಫಲ.

ಅಚ್ಚಿನ ಸಾಹಿತ್ಯಕ್ಕೂ ಈ ಮಾತು ಸಲ್ಲುತ್ತದೆ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರ ಆತ್ಮಕಥೆಯ ಹೆಸರು 'ನನ್ನ ಭಯಾಗ್ರಫಿ'. ಯಾವ ಚಿತ್ರಕಾರನೂ ಈ ನಗೆಯನ್ನು ಬರೆದು ತೋರಿಸಲಾರ. ಅದು ಹುಟ್ಟುವುದೂ ಬಾಳುವುದೂ ಕಿವಿಯಲ್ಲಿ. 1953ರಲ್ಲಿ ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರ 'ಅರಮನೆ' 2007ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಅದರ ಉದ್ದುದ್ದ ವಾಕ್ಯಗಳು ಮೌನವಾಗಿ ಓದುವವನನ್ನು ದಣಿಸುತ್ತವೆಂಬ ದೂರಿಗೆ ಉತ್ತರ ಸುಲಭ: ಗಟ್ಟಿಯಾಗಿ ಓದಿ. ಆ ವಾಕ್ಯಕ್ಕೆ ವಿರಾಮವನ್ನು ಕೊಡುವುದು ಕಥೆ ಹೇಳುವವನ ಉಸಿರು, ವ್ಯಾಕರಣವಲ್ಲ.

ಕವಿಯ ಮನಸ್ಸನ್ನು ಹೊಕ್ಕು ನೋಡಿದವರಾರು ಎಂಬ ಆಕ್ಷೇಪಣೆ ಬರಬಹುದು. ನ್ಯಾಯವೇ. ಕವಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನೂ ಪೂರ್ತಿ ನಂಬಲಾಗದೆಂಬುದಕ್ಕೆ ಲಾರ್ಡರ ಹಾಡುಗಾರರೇ ಸಾಕ್ಷಿ. ಆದರೆ ಮನಸ್ಸು ಕಾಣದಿದ್ದರೂ ಅದರ ಹೆಜ್ಜೆಗುರುತು ಕೃತಿಯಲ್ಲಿ ಉಳಿಯುತ್ತದೆ. ಈ ಕೃತಿ ಚಿತ್ರದಿಂದ ಹುಟ್ಟಿತೋ ಧಾಟಿಯಿಂದಲೋ ಮಾತಿನ ಮಾತಿನ ತಿಕ್ಕಾಟದಿಂದಲೋ ಎಂದು ಕೇಳಿ, ಅದಕ್ಕೆ ತಕ್ಕ ಇಂದ್ರಿಯವನ್ನು ತೆರೆಯುವುದು ವಿಮರ್ಶಕನ ಮೊದಲ ಕೆಲಸ. ಎಲ್ಲವನ್ನೂ ಕಣ್ಣಿನ ತಕ್ಕಡಿಯಲ್ಲೇ ತೂಗಿದರೆ, ಚಿತ್ರವಿದ್ದ ಕವಿ ದೊಡ್ಡವನಾಗಿ, ನಾದವಿದ್ದ ಕವಿ ವಾಚಾಳಿಯಾಗಿ, ಕಂಠವೊಂದೇ ಇದ್ದವಳು ಕವಿಯೇ ಅಲ್ಲದವಳಾಗಿ ಬಿಡುತ್ತಾಳೆ.

ಇದು ಪಂಡಿತರ ಜಗಳವಷ್ಟೇ ಅಲ್ಲ. ಬಾಯ್ದೆರೆಯ ಕಾವ್ಯವನ್ನು ಪುಸ್ತಕ ಮಾಡಿ ಕಪಾಟಿನಲ್ಲಿಟ್ಟು, ಉಳಿಸಿದೆವೆಂದು ಸಮಾಧಾನಪಡುವುದು ನಮ್ಮ ಅಭ್ಯಾಸ. ಪುಸ್ತಕದಲ್ಲಿ ಉಳಿದದ್ದು ಆ ಸಲದ ಮಾತು; ಮಾತನ್ನು ಹುಟ್ಟಿಸಿದ ಲಯವಲ್ಲ. ಅಚ್ಚಿನ ಜೊತೆಗೆ ದನಿಯ ಮುದ್ರಿಕೆಯೂ, ಅದರ ಜೊತೆಗೆ ಆ ಧಾಟಿ ಕಲಿಯುವ ಹುಡುಗ ಹುಡುಗಿಯರೂ ಇದ್ದರೆ ಮಾತ್ರ ಹದಿಮೂರನೆಯ ಕಾವ್ಯಕ್ಕೆ ಎಡೆಯುಂಟು.