ಗಾಳಿ ಸೋರದಂತೆ

ಹಳೆಯ ಎಆರ್-3ಎ ಸ್ಪೀಕರಿನ ಕೋನನ್ನು ಬೆರಳ ತುದಿಗಳಿಂದ ಮೆಲ್ಲಗೆ ಒಳಗೊತ್ತಿ ಬಿಡಿ. ಅದು ತಟಕ್ಕನೆ ಪುಟಿಯಬಾರದು, ನಿಧಾನವಾಗಿ ಮೇಲೇಳಬೇಕು. ಪುಟಿದರೆ ಎಲ್ಲೋ ಗಾಳಿ ಸೋರುತ್ತಿದೆ. ಬಲ್ಲ ರಿಪೇರಿಗಾರರು ಮೀಟರಿಗೆ ಕೈಹಾಕುವ ಮೊದಲು ಮಾಡುವ ಪರೀಕ್ಷೆ ಇದು. ಎಷ್ಟು ಚೆಂದದ ಪರೀಕ್ಷೆ!

ಕೋನು ಹೀಗೆ ನಿಧಾನವಾಗಿ ಮೇಲೇಳುವುದರ ಹಿಂದಿರುವುದು ಎಡ್ಗರ್ ವಿಲ್ಚರ್ ಅವರ ಜಾಣ್ಮೆ. 1954ರಲ್ಲಿ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ (ಎಆರ್) ಕಂಪನಿ ಶುರುಮಾಡಿದ ಅವರು, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಕೋನಿಗೆ ಸ್ಪ್ರಿಂಗ್ ಮಾಡಿದರು. ಪುಟ್ಟ ಪೆಟ್ಟಿಗೆಯಿಂದ ಆಳವಾದ ಮಂದ್ರ ಹೊರಟಿತು.

ವಯಸ್ಸಾದಂತೆ ಮೊದಲು ಸೋಲುವುದು ಕೋನಿನ ಸುತ್ತಲಿನ ಫೋಮ್ ಅಂಚು. ಮುಟ್ಟಿದರೆ ಅಂಟಂಟು, ಆಮೇಲೆ ಪುಡಿಪುಡಿ. ಕಾಗದದ ಕೋನು ಹರಿಯದಂತೆ ಆ ಜಿಗುಟನ್ನು ಕೆರೆದು ತೆಗೆಯುವುದಕ್ಕೆ ಅಪಾರ ತಾಳ್ಮೆ ಬೇಕು. ಹೊಸ ಅಂಚು ಅಂಟಿಸುವಾಗಲಂತೂ ಕೈಗೆ ಕಣ್ಣಿರಬೇಕು: ಕೋನನ್ನು ಆಡಿಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಅಯಸ್ಕಾಂತದ ಸಂದಿಯಲ್ಲಿ ಕೂದಲೆಳೆಯಷ್ಟು ಸರಿದರೂ ಉಜ್ಜುತ್ತದೆ. ಕೆಲವರು ಸಂದಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಾಯಿಲನ್ನು ನಡುವಿಗೆ ನಿಲ್ಲಿಸುತ್ತಾರೆ. ಇನ್ನು ಕೆಲವರು ಸಣ್ಣಗೆ 30 ಹರ್ಟ್ಸ್ ನಾದ ಹರಿಸಿ, ಕೋನು ಆಡುತ್ತಿರುವಾಗಲೇ ಅಂಟು ಹಿಡಿಸುತ್ತಾರೆ. ಗರಗರ ಸದ್ದು ನಿಂತಿತೆಂದರೆ ಕಾಯಿಲ್ ಸರಿಯಾದ ಜಾಗಕ್ಕೆ ಬಂದಿದೆ.

ಹಿಂಬದಿಯ ಕಂಟ್ರೋಲುಗಳಲ್ಲಿ ಹಸಿರು ಕಿಲುಬು ಕಟ್ಟಿ, ತಾರ ಸ್ವರಗಳನ್ನು ನುಡಿಸುವ ಟ್ವೀಟರ್ ಮಂಕಾಗಿರುತ್ತದೆ. ಬಿಚ್ಚಿ ಉಜ್ಜಿದರೆ ಸಾಕು, ತಂಬೂರಿಯ ಜವಾರಿ ಮತ್ತೆ ಕೇಳುತ್ತದೆ. ಕೆಪಾಸಿಟರುಗಳನ್ನು ಅಳೆದು, ಕೆಟ್ಟವನ್ನಷ್ಟೇ ಬದಲಿಸುವವರೆಂದರೆ ನನಗೆ ವಿಶೇಷ ಗೌರವ.